ನಿಂತೇ ಇದ್ದ ಬೀಗರು

ಬಾಗಿಲು ಮೊದಲು ಒಂದು ಗೇಣಿನಷ್ಟು ತೆರೆಯುತ್ತಿತ್ತು. ಆ ಸಂದಿಯಲ್ಲಿ ಉದ್ದ ಮೂಗಿನ, ಎಡಗಣ್ಣಿನ ರೆಪ್ಪೆ ಕೊಂಚ ಜೋತುಬಿದ್ದ ಒಂದು ಮುಖ ಇಣುಕುತ್ತಿತ್ತು. ಒಳಗೆ ಯಾರಿದ್ದಾರೆಂದು ನೋಡಿಕೊಂಡು, ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದು, ಆಮೇಲೆ ಆ ಮನುಷ್ಯ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಅವನನ್ನು ದಾಟಿಕೊಂಡು ನಾಯಕನೋ ನಾಯಕಿಯೋ ಒಳಗೆ ಬರುತ್ತಿದ್ದರು. ಅಲ್ಲಿಗೆ ಅವನ ಕೆಲಸ ಮುಗಿಯಿತು. ಕತೆ ಮುಂದಕ್ಕೆ ಹೋಗುತ್ತಿತ್ತು, ಅವನು ಬಾಗಿಲ ಬಳಿಯೇ ಉಳಿಯುತ್ತಿದ್ದ.

ಅವನು ಅಮೆರಿಕದ ನಟ. ಅವನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ನಮ್ಮ ಊರಿನ ಹೆಸರು ಅವನಿಗೆ ಗೊತ್ತಿರುವ ಸಂಭವವಂತೂ ಇಲ್ಲವೇ ಇಲ್ಲ. ಆದರೂ ನಾನು ಕೈಮುಗಿದು ನೆನೆಯುವ ಕೆಲವೇ ಜನರಲ್ಲಿ ಅವನೊಬ್ಬ. ಇಷ್ಟು ಹೊತ್ತು ಏಕವಚನದಲ್ಲಿ ಹೇಳಿದ್ದು ನೀವು ಅವನನ್ನು ಅರಿಯದವರೆಂದು ಮಾತ್ರ. ನಮ್ಮ ಊರಿನಲ್ಲಿ ಯಾರೂ ಹಾಗೆ ಕರೆದವರಲ್ಲ. ನಮಗೆಲ್ಲ ಅವರು ಬೀಗರು.

ಆ ಹೆಸರು ಬಂದದ್ದು ನಮ್ಮ ಅಜ್ಜಿಯ ಮಂದ ಕಿವಿಯಿಂದ. ಊರಿನ ಟಾಕೀಸಿನಲ್ಲಿ ಕನ್ನಡದ ಹೊಸ ಚಿತ್ರ ಬರುವುದು ತಡವಾದಾಗಲೆಲ್ಲ ಹಳೆಯ ಅಮೆರಿಕದ ಚಿತ್ರಗಳನ್ನು ತರಿಸಿ ಹಾಕುತ್ತಿದ್ದರು. ನೋಡುವವರಿಗೆ ಭಾಷೆ ಬಾರದು. ಅದಕ್ಕೆ ಹಯಾತ್ ಸಾಬರು ಇದ್ದರು. ಹಗಲು ಹೊತ್ತಿನಲ್ಲಿ ಜಟಕಾದಲ್ಲಿ ಕೂತು ಹ್ಯಾಂಡ್‌ಬಿಲ್ಲು ಹಂಚುತ್ತಿದ್ದ ಅವರು ಆಟ ಶುರುವಾದ ಮೇಲೆ ಪರದೆಯ ಪಕ್ಕದಲ್ಲಿ ನಿಂತು, ನಡೆಯುತ್ತಿರುವುದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. 'ಎಸ್' ಎಂದರೆ ಹೌದು, 'ನೋ' ಎಂದರೆ ಇಲ್ಲ, ಉಳಿದದ್ದೆಲ್ಲ ನಟರ ಮುಖ ನೋಡಿ ಹೇಳಿದ್ದು. ಆದರೆ ಹೇಳುವ ಠೀವಿ ಎಂಥದೆಂದರೆ, ಅಮೆರಿಕದವರೇ ಬಂದು ಅಲ್ಲ ಎಂದರೂ ನಾವು ಒಪ್ಪುತ್ತಿರಲಿಲ್ಲ.

ಮೊದಲ ಚಿತ್ರದಲ್ಲಿ ಆ ನಟ ಜೈಲಿನ ಕಾವಲುಗಾರ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಬಾಗಿಲ ಸಂದಿಯಲ್ಲಿ ಮುಖ ಕಂಡ ಕೂಡಲೇ ಹಯಾತ್ ಸಾಬರು, "ಬೀಗದೋರು ಬಂದ್ರು ನೋಡಿ" ಎಂದರು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಕಾಲು ಮಡಿಸಿ ಕೂತಿದ್ದ ಅಜ್ಜಿಗೆ ಅದು ಕೇಳಿಸಿದ್ದೇ ಬೇರೆ.

"ಬೀಗರು ಬಂದ್ರಾ? ಮತ್ತೆ ನಿಲ್ಲಿಸ್ಕಂಡೇ ಮಾತಾಡ್ತಾವ್ರಲ್ಲ, ಎಂಥಾ ಮನೆಯೋರು ಇವ್ರು. ಬೀಗರಿಗೊಂದು ಕುರ್ಚಿ ಹಾಕ್ರೋ" ಎಂದು ಅವಳು ಟಾಕೀಸಿಗೆಲ್ಲ ಕೇಳುವಂತೆ ಹೇಳಿದಳು.

ಗಂಡಸರ ಕಡೆಯಿಂದ ನಗೆಯ ಅಲೆ ಎದ್ದಿತು. ಹಯಾತ್ ಸಾಬರು ಸೋಲುವವರಲ್ಲ. "ಹಾಕ್ತಾರೆ ತಾಯಿ. ಮೊದ್ಲು ಈ ಕೈದೀನ ಬಿಟ್ಟು ಬರ್ಲಿ, ಬೀಗರಿಗೆ ಡ್ಯೂಟಿ ಮುಖ್ಯ" ಎಂದರು. ಅಂದಿನಿಂದ ಆ ಮುಖ ಯಾವ ಚಿತ್ರದಲ್ಲಿ ಬಂದರೂ ಬೀಗರೇ.

ಮದುವೆಮನೆಯಲ್ಲಿ ಬೀಗರನ್ನು ಹಾಡು ಕಟ್ಟಿ ಗೇಲಿ ಮಾಡುವುದು ನಮ್ಮ ಕಡೆಯ ಹೆಂಗಸರ ಹಕ್ಕು. ಪರದೆಯ ಮೇಲಿನ ಬೀಗರನ್ನೂ ಅವರು ಬಿಡಲಿಲ್ಲ. ಮೂಗು ಮೊದಲು ಬಂತು, ಬೀಗರು ಆಮೇಲೆ ಬಂದರು ಎಂದು ಒಬ್ಬಳು ರಾಗ ಎಳೆದರೆ, ಟೋಪಿಯೊಳಗೆ ಏನು ತಂದರು, ಬರಿಗೈಲಿ ಬಂದರು ಎಂದು ಇನ್ನೊಬ್ಬಳು ಮುಗಿಸುತ್ತಿದ್ದಳು. ಬೀಗರು ಒಮ್ಮೆ ಡಾಕ್ಟರಾದರು, ಒಮ್ಮೆ ನ್ಯಾಯಾಧೀಶರಾದರು, ರೈಲು ನಿಲ್ದಾಣದಲ್ಲಿ ಬಾವುಟ ಹಿಡಿದರು, ಹೆಂಡದಂಗಡಿಯಲ್ಲಿ ಲೋಟ ಒರೆಸಿದರು, ಪಾದ್ರಿಯಾಗಿ ಮಂತ್ರ ಹೇಳಿದರು. ಎಲ್ಲವೂ ಎರಡು ಮೂರು ನಿಮಿಷದ ಕೆಲಸ. ಅಜ್ಜಿಯ ಲೆಕ್ಕದಲ್ಲಿ ಅದೆಲ್ಲ ಒಬ್ಬನೇ ಮನುಷ್ಯನ ಒಂದೇ ಬಾಳು. "ಜೈಲಿನ ಕೆಲ್ಸ ಬಿಟ್ಟು ಡಾಕ್ಟ್ರಾದ್ರು, ಒಳ್ಳೇದಾಯ್ತು. ಆದ್ರೆ ಅದ್ನೂ ಬಿಟ್ಟು ಹೆಂಡದಂಗ್ಡಿ ಯಾಕೆ ಇಟ್ರು?" ಎಂದು ಅವಳು ಚಿಂತೆ ಮಾಡುತ್ತಿದ್ದಳು. ಚಿತ್ರಗಳು ಹಿಂದುಮುಂದಾಗಿ ಬರುತ್ತಿದ್ದುದರಿಂದ ಬೀಗರ ತಲೆ ಒಂದು ತಿಂಗಳು ನರೆತಿರುತ್ತಿತ್ತು, ಮುಂದಿನ ತಿಂಗಳು ಕಪ್ಪಾಗಿರುತ್ತಿತ್ತು. ಬಣ್ಣ ಹಾಕಿಕೊಂಡಿದ್ದಾರೆ ಎಂದು ಅವಳು ಅದನ್ನೂ ಸರಿಪಡಿಸಿದಳು.

ಒಂದು ಚಿತ್ರದಲ್ಲಿ ಬೀಗರು ಗುಂಡು ತಗಲಿ ಸತ್ತರು. ಅಜ್ಜಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೇ ಊಟಕ್ಕೆ ಕೂತಳು. ಮುಂದಿನ ಚಿತ್ರದಲ್ಲಿ ಅವರು ಮತ್ತೆ ಬಾಗಿಲು ತೆರೆದುಕೊಂಡು ಬಂದಾಗ ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು. "ಚಳೀಲಿ ತಣ್ಣೀರು ಹಾಕ್ಕಂಡಿದ್ದೆಲ್ಲ ದಂಡ" ಎಂದಳು. ಅವಳ ನಿಜವಾದ ದುಃಖ ಒಂದೇ. ಇಷ್ಟು ಚಿತ್ರಗಳಲ್ಲಿ ಒಬ್ಬರೂ ಬೀಗರನ್ನು ಕೂತುಕೊಳ್ಳಿ ಎನ್ನಲಿಲ್ಲ. ಮಿಕ್ಕವರೆಲ್ಲ ಮೆತ್ತೆಯ ಕುರ್ಚಿಗಳಲ್ಲಿ ಕೂತು ಕುಡಿಯುತ್ತಿದ್ದರು, ಅಳುತ್ತಿದ್ದರು, ಮುದ್ದಾಡುತ್ತಿದ್ದರು. ಬೀಗರು ನಿಂತೇ ಇರುತ್ತಿದ್ದರು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಗು ಇದ್ದದ್ದು ಟಾಕೀಸಿನಿಂದ ಬಂದ ದಿನ ಮಾತ್ರ. ನಮ್ಮಪ್ಪ ಚೆಲುವಯ್ಯ, ಮುರಿಗೆಪ್ಪನವರ ನಾಟಕ ಕಂಪನಿಯಲ್ಲಿ ರಾಜಪಾರ್ಟಿನ ನಟ. ಅಪ್ಪ ಒಂದು ಹಾಡು ಹಾಡಿದರೆ ಜನ ಒನ್ಸ್ ಮೋರ್ ಎಂದು ಕೂಗಿ ಅದನ್ನು ಮೂರು ಹಾಡು ಮಾಡಿಸುತ್ತಿದ್ದರು. ಒಂದು ಸಲ ಜ್ವರದಲ್ಲೇ ಒಂದು ಊರಿನ ಕ್ಯಾಂಪು ಮುಗಿಯುವ ತನಕ ಹಾಡಿದರು. ಜ್ವರ ಇಳಿಯಿತು, ಗಂಟಲು ಮರಳಲಿಲ್ಲ. ಕಷಾಯ, ಜೇನು, ದೊಡ್ಡಾಸ್ಪತ್ರೆ, ಎಲ್ಲ ಆಯಿತು. ಉಳಿದದ್ದು ಒಣ ಎಲೆಯ ಮೇಲೆ ನಡೆದಂಥ ಒಂದು ಗೊಗ್ಗರು ದನಿ.

ಕಂಪನಿ ನಮ್ಮ ಊರಿನಲ್ಲೇ ಡೇರೆ ಹಾಕಿದ್ದಾಗ ಮುರಿಗೆಪ್ಪನವರು ತಾವೇ ಮನೆಗೆ ಬಂದರು. ಹೊಸ ನಾಟಕದಲ್ಲಿ ಅರಮನೆಯ ದ್ವಾರಪಾಲಕನ ಪಾರ್ಟು ಇದೆ, ಒಂದೇ ಮಾತು, ಹಾಡು ಇಲ್ಲ ಎಂದರು. ರಾಜಪಾರ್ಟು ಶಂಭುಲಿಂಗ ಎಂಬ ಹೊಸ ಹುಡುಗನಿಗೆ ಹೋಗಿತ್ತು.

"ಅದೇ ಅರಮನೇಲಿ ಸಿಂಹಾಸನದ ಮೇಲೆ ಕೂತಿದ್ದೋನು ನಾನು. ಈಗ ಬಾಗಿಲು ಕಾಯ್ಲಾ ಯಜಮಾನ್ರೆ?" ಅಪ್ಪ ಕೇಳಿದರು.

"ಕಾಯೋಕಲ್ಲ ಚೆಲುವಯ್ಯ. ನಿನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ, ಅದಕ್ಕೆ. ಈ ನಾಟಕ ಮುಗಿದ್ರೆ ಡೇರೆ ಕೀಳ್ತೀವಿ. ಅಷ್ಟರೊಳಗೆ ಯೋಚ್ನೆ ಮಾಡು" ಎಂದು ಅವರು ಎದ್ದರು.

ಅಪ್ಪ ಯೋಚನೆ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ ಕೂತರು. ಕನ್ನಡಿಗೆ ಬಟ್ಟೆ ಮುಚ್ಚಿದರು. ಬೀದಿಯಲ್ಲಿ ಯಾರಾದರೂ ಮಹಾರಾಜರೇ ಎಂದು ಹಳೆಯ ಪ್ರೀತಿಯಿಂದ ಕರೆದರೆ ಮುಖ ಕಿವುಚುತ್ತಿದ್ದವರು ಆಮೇಲಾಮೇಲೆ ಬೀದಿಗೆ ಇಳಿಯುವುದನ್ನೇ ಬಿಟ್ಟರು. ಊಟ ಅರ್ಧವಾಯಿತು, ಮಾತು ನಿಂತೇಹೋಯಿತು. ಕಂಪನಿಯ ಉಡುಪುಗಳನ್ನು ಹೊಲಿದುಕೊಡುತ್ತಿದ್ದ ಅಮ್ಮ ಸೂಜಿ ಕೈಯಲ್ಲಿ ಹಿಡಿದು ಅವರ ಬೆನ್ನನ್ನೇ ನೋಡುತ್ತ ಕೂತಿರುತ್ತಿದ್ದಳು. "ಆಟ ಬಿಟ್ರೆ ಬೇರೆ ಏನೂ ಗೊತ್ತಿಲ್ಲ ಈ ಮನುಷ್ಯನಿಗೆ. ಕಂಪನಿ ಇವರ್‍ನ ಬಿಟ್ಟು ಹೋದ್ರೆ ಇಲ್ಲೇ ಕೂತು ಮಣ್ಣಾಗ್ತಾರೆ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದಳು. ಅವಳು ಹೆದರಿದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಹೊಸ ನಾಟಕದ ತಾಲೀಮು ನಡೆಯುತ್ತಿದ್ದ ವಾರ ಟಾಕೀಸಿಗೆ ಬೀಗರ ಇನ್ನೊಂದು ಚಿತ್ರ ಬಂತು. ಮೊದಲ ದಿನವೇ ಅಮ್ಮ, ಅಜ್ಜಿ ಹೋಗಿಬಂದರು. ನಾನು ಮನೆಯಲ್ಲೇ ಉಳಿದಿದ್ದೆ. ಮರುದಿನ ಬೆಳಿಗ್ಗೆ ಅಮ್ಮ, ಹಯಾತ್ ಸಾಬರ ಹೆಂಡತಿಗೆ ರವಿಕೆ ಕೊಡುವುದಿದೆ ಎಂದು ಅವರ ಮನೆಗೆ ಹೋದವಳು ಬಹಳ ಹೊತ್ತಾದ ಮೇಲೆ ಬಂದಳು. ಬಂದವಳು ಊಟಕ್ಕೆ ಬಡಿಸುತ್ತ ಅಜ್ಜಿಗೆ, "ಸಂಜೆ ಇನ್ನೊಂದ್ಸಲ ಹೋಗಿ ಬೀಗರನ್ನ ನೋಡ್ಕೊಂಡು ಬರೋಣ ಅತ್ತೆ" ಎಂದಳು.

ಅಪ್ಪನ ತುತ್ತು ಕೈಯಲ್ಲೇ ನಿಂತಿತು. "ಯಾವ ಬೀಗರು?"

ಕಂಪನಿಯ ಜೊತೆ ಊರೂರು ಸುತ್ತುತ್ತಿದ್ದ ಅಪ್ಪನಿಗೆ ಟಾಕೀಸಿನ ಬೀಗರು ಗೊತ್ತಿರಲಿಲ್ಲ. ನಾನು ಮದುವೆಯ ವಯಸ್ಸಿನವಳು. ತಮಗೆ ಒಂದು ಮಾತೂ ಹೇಳದೆ ಸಂಬಂಧ ಬೆಳೆಸಿದ್ದಾರೆಂದು ಅವರು ತಿಳಿದರು. ನಿಜ ಹೇಳಲು ನಾನು ಬಾಯಿ ತೆರೆದೆ. ಅಜ್ಜಿ ನನ್ನ ತೊಡೆ ಚಿವುಟಿದಳು. "ಮೂಗು ಸ್ವಲ್ಪ ಉದ್ದ ಕಣಪ್ಪ, ಆದ್ರೆ ಮರ್ಯಾದಸ್ಥರು. ನೀನೂ ಬಾ, ನೋಡು, ಬ್ಯಾಡಾಂದ್ರೆ ಬ್ಯಾಡ" ಎಂದಳು.

ಅಂದು ಸಂಜೆ ಅಪ್ಪ ಕನ್ನಡಿಯ ಬಟ್ಟೆ ಸರಿಸಿ ಕ್ಷೌರ ಮಾಡಿಕೊಂಡು, ಜರಿ ಅಂಚಿನ ಪಂಚೆ ಉಟ್ಟು, ಬೀಗರನ್ನು ನೋಡಲು ಟಾಕೀಸಿಗೆ ಬಂದರು. ಬೀಗರು ಒಳಗಿದ್ದಾರೆ ಎಂದು ಅಜ್ಜಿ ಟಿಕೆಟ್ಟು ಕೈಗಿತ್ತಳು. ದೀಪ ಆರಿತು. ಎಷ್ಟೋ ಹೊತ್ತಿನ ಮೇಲೆ ಒಂದು ದೊಡ್ಡ ಕಟ್ಟಡದ ಬಾಗಿಲು ಗೇಣಿನಷ್ಟು ತೆರೆಯಿತು. ಉದ್ದ ಮೂಗು ಕಂಡಿತು. ಹೆಂಗಸರ ಕಡೆ ಗೇಲಿಯ ಹಾಡು ಶುರುವಾಯಿತು. ಬೀಗರು ಬಂದರು ಎಂಬ ಕೂಗು ಎದ್ದಾಗ ಅಪ್ಪನಿಗೆ ಮೋಸ ಗೊತ್ತಾಗಿರಬೇಕು. ಗಂಡಸರ ಸಾಲಿನ ಕೊನೆಯಲ್ಲಿ ಒಂದು ಆಕೃತಿ ಎದ್ದದ್ದನ್ನು ನಾನು ನೋಡಿದೆ. ಇನ್ನೇನು ಹೊರಗೆ ಹೋಗುತ್ತಾರೆ ಎನ್ನುವಾಗ ಹಯಾತ್ ಸಾಬರು ಕೈ ಎತ್ತಿ ಹೆಂಗಸರನ್ನು ಸುಮ್ಮನಾಗಿಸಿದರು. ಹಾಗೆ ಅವರು ಎಂದೂ ಮಾಡಿದವರಲ್ಲ.

"ಇವತ್ತು ಗೇಲಿ ಬೇಡ ತಾಯಂದಿರೆ. ಒಳಗೆ ಸಂಗೀತದ ಕಚೇರಿ ನಡೀತಾ ಇದೆ. ಒಂದು ಕಾಲದಲ್ಲಿ ಅಲ್ಲಿ ಹಾಡ್ತಿದ್ದೋರು ಬೇರೆ ಯಾರೂ ಅಲ್ಲ, ನಮ್ಮ ಬೀಗರು. ಗಂಟಲು ಹೋಯ್ತು. ಈವತ್ತು ಅದೇ ಮನೆ ಬಾಗಿಲು ತೆಗೀತಾವ್ರೆ."

ನನ್ನ ಪಕ್ಕದಲ್ಲಿ ಅಜ್ಜಿ, "ನಿನ್ನೆ ಇವ್ನು ಹಿಂಗಲ್ಲ ಹೇಳಿದ್ದು..." ಎಂದು ಶುರುಮಾಡಿದಳು. ಅಮ್ಮ ಅವಳ ಕೈಗೆ ಒಂದು ಹಿಡಿ ಕಡ್ಲೆಪುರಿ ತುಂಬಿ, "ಸುಮ್ನೆ ತಿನ್ನಿ ಅತ್ತೆ" ಎಂದಳು.

ಪರದೆಯ ಮೇಲೆ ಬೀಗರು ಟೋಪಿಯನ್ನು ಎದೆಗೆ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲನ್ನು ತೆರೆದೇ ಹಿಡಿದು ನಿಂತಿದ್ದರು. ಬರುವವರೆಲ್ಲ ಬಂದಾಗಿತ್ತು. ಆದರೂ ಮುಚ್ಚಲಿಲ್ಲ. ಎಲ್ಲಿಂದಲೋ ಹಾಡು ಕೇಳುತ್ತಿತ್ತು. ಜೋತುಬಿದ್ದ ರೆಪ್ಪೆಯ ಕಣ್ಣು ಎಲ್ಲೋ ದೂರ ನೋಡುತ್ತಿತ್ತು, ತುಟಿ ಸ್ವಲ್ಪ ಅಲುಗಿತು. ನಾಯಕ ನಾಯಕಿಯರು ಎದುರಿಗೇ ಇದ್ದರು, ನಮ್ಮ ಟಾಕೀಸಿನಲ್ಲಿ ಅವರನ್ನು ನೋಡಿದವರು ಯಾರೂ ಇಲ್ಲ.

"ಯಾಕೆ ಬಾಗಿಲು ಮುಚ್ತಿಲ್ಲ ಅಂದ್ರೆ," ಹಯಾತ್ ಸಾಬರ ದನಿ ತಗ್ಗಿತು, "ಹೊರಗೆ ನಿಂತಿರೋರಿಗೂ ಹಾಡು ಕೇಳ್ಲಿ ಅಂತ. ತಾನು ಹಾಡಕ್ಕಾಗಲ್ಲ. ಹಾಡಿಗೆ ದಾರಿ ಬಿಡಬಹುದಲ್ಲ."

ಎದ್ದಿದ್ದ ಆಕೃತಿ ಮೆಲ್ಲಗೆ ಕೂತಿತು. ಆಟ ಬಿಟ್ಟ ಮೇಲೆ ಅಪ್ಪ ಯಾರನ್ನೂ ಬೈಯಲಿಲ್ಲ. ಮರುದಿನ ಯಾರೂ ಕರೆಯದೆ ಮತ್ತೆ ಹೋದರು. ಅದರ ಮರುದಿನವೂ ಹೋದರು. ಆ ದಿನ ನಾವೂ ಹೋಗಿದ್ದೆವು. ಚಿತ್ರ ಮುಗಿದಾಗ ಅವರೇ ಮೊದಲು ಎದ್ದು, ಟಾಕೀಸಿನ ಬಾಗಿಲ ಪರದೆಯನ್ನು ಸರಿಸಿ, ಹೆಂಗಸರೆಲ್ಲ ಹೊರಗೆ ಬರುವ ತನಕ ಹಿಡಿದುಕೊಂಡು ನಿಂತರು. ಅಮ್ಮ ಅವರನ್ನು ದಾಟುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮುರಿಗೆಪ್ಪನವರ ಡೇರೆಯ ಕಡೆಗೆ ತಿರುಗಿದರು.

ನಾಟಕದ ಮೊದಲ ಪ್ರದರ್ಶನಕ್ಕೆ ಊರಿಗೆ ಊರೇ ಬಂತು. ದರ್ಬಾರಿನ ದೃಶ್ಯ. ಅಪ್ಪ ದ್ವಾರಪಾಲಕರಾಗಿ ರಂಗದ ಪಕ್ಕದಿಂದ ಬಂದರು. ಮೊದಲು ಇಣುಕಿ ನೋಡಿದರು. ಅವರನ್ನು ಗುರುತಿಸಿದ ಕೂಡಲೇ ಜನ ಚಪ್ಪಾಳೆ ತಟ್ಟಿದರು. "ಮಹಾಪ್ರಭುಗಳು ಚಿತ್ತೈಸುತ್ತಿದ್ದಾರೆ" ಎಂದು ಅಪ್ಪ ತಮ್ಮ ಒಂದೇ ಮಾತು ಹೇಳಿದರು. ಆ ಗೊಗ್ಗರು ದನಿಗೆ ಚಪ್ಪಾಳೆ ತಟ್ಟನೆ ನಿಂತುಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ಎಂದದ್ದು ಮುಂದಿನವರೆಗೂ ಕೇಳಿತು.

ಶಂಭುಲಿಂಗ ಕಿರೀಟ ತೊಟ್ಟು ಬಂದು ಹಾಡಲು ಬಾಯಿ ತೆರೆದ. ಹಳೆಯ ನಾಟಕಗಳಲ್ಲಿ ಅಪ್ಪ ಹಾಡುತ್ತಿದ್ದ ಹಾಡು ಅದು, ಇದಕ್ಕೂ ಸೇರಿಸಿದ್ದರು. ಎರಡು ಸಾಲು ಮುಗಿಯುವುದರೊಳಗೆ ಜನ ಕೂಗತೊಡಗಿದರು. "ಇವನು ಬೇಡ, ಗಂಟಲು ಹೆಂಗಿದ್ರೂ ಚೆಲುವಯ್ಯನೇ ಹಾಡ್ಲಿ." "ಇಳಿಯೋ ಕೆಳಗೆ." ಆ ಹುಡುಗನ ದನಿ ನಡುಗಿತು, ಹಾರ್ಮೋನಿಯಂ ಒಂದು ಕಡೆ, ಅವನು ಒಂದು ಕಡೆ ಆದರು. ಬದಿಯಲ್ಲಿ ಮುರಿಗೆಪ್ಪನವರು ಹಣೆಗೆ ಕೈ ಹಚ್ಚಿದ್ದು ನಾವು ಕೂತಲ್ಲಿಂದ ಕಾಣುತ್ತಿತ್ತು. ಅಮ್ಮ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು. ಅಪ್ಪ ಹಾಡಲಾರರು. ಹಾಡದೆ ಹೊರಟುಹೋದರೆ ಮತ್ತೆ ಎಂದೂ ರಂಗ ಹತ್ತುವವರಲ್ಲ.

ಅಪ್ಪ ಹೋಗಲಿಲ್ಲ. ತಲೆಯ ರುಮಾಲು ತೆಗೆದು ಎದೆಗೆ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಅರಮನೆಯ ಬಾಗಿಲ ಪರದೆಯನ್ನು ಪಕ್ಕಕ್ಕೆ ಸರಿಸಿ ಹಾಗೆಯೇ ಹಿಡಿದು ನಿಂತರು. ಜನರ ಕಡೆಗೆ ನೋಡಲೇ ಇಲ್ಲ. ಶಂಭುಲಿಂಗನ ಕಡೆ ಮುಖ ತಿರುಗಿಸಿ, ಅವನು ಹಾಡುವುದನ್ನು ಕೇಳತೊಡಗಿದರು.

ನಟನೆಯಲ್ಲಿ ಕೇಳುವುದೂ ಒಂದು ಕೆಲಸವೆಂದು ನಮಗೆ ಯಾರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಪ್ಪ ಕೇಳುತ್ತಿದ್ದುದನ್ನು ನೋಡಿ ಮುಂದಿನ ಸಾಲು ಸುಮ್ಮನಾಯಿತು. ಆಮೇಲೆ ಅದರ ಹಿಂದಿನ ಸಾಲು. ಆ ಹುಡುಗ ಅಪ್ಪನ ಮುಖವನ್ನೇ ಹಿಡಿದುಕೊಂಡು ಹಾಡಿದ. ದನಿ ನಡುಕ ಬಿಟ್ಟಿತು, ಮೇಲೇರಿತು, ನಿಂತಿತು. ಅಪ್ಪನ ತುಟಿ ಸ್ವಲ್ಪ ಅಲುಗುತ್ತಿತ್ತು. ಹಾಡು ಮುಗಿದಾಗ ಯಾರೂ ಕೆಮ್ಮಲಿಲ್ಲ ಕೂಡ.

ಆಗ ಅಜ್ಜಿ ಹೇಳಿದಳು. ಕೂಗಲಿಲ್ಲ, ಮನೆಯಲ್ಲಿ ಹೇಳುವ ಹಾಗೆ ಹೇಳಿದಳು. "ಬೀಗರು ಎಷ್ಟೊತ್ತು ನಿಂತಿರ್ತಾರೆ. ಒಂದು ಕುರ್ಚಿ ಹಾಕ್ರೋ."

ಡೇರೆ ಹಾರಿಹೋಗುವಂತೆ ಜನ ನಕ್ಕರು, ಚಪ್ಪಾಳೆ ಹೊಡೆದರು, ಹಲವರು ಕಣ್ಣೊರೆಸಿಕೊಂಡರು. ಒನ್ಸ್ ಮೋರ್ ಎಂಬ ಕೂಗು ಎದ್ದಿತು. ಈ ಸಲ ಅದು ಶಂಭುಲಿಂಗನಿಗೆ. ಅಪ್ಪ ಎದೆಯ ಮೇಲಿನ ರುಮಾಲನ್ನು ಸರಿಪಡಿಸಿಕೊಂಡು, ಬಾಗಿಲು ಬಿಡದೆ, ಮತ್ತೊಮ್ಮೆ ಕೇಳಲು ನಿಂತರು.

ಕಂಪನಿ ಡೇರೆ ಕಿತ್ತಾಗ ಅಪ್ಪನೂ ಅದರ ಜೊತೆ ಹೋದರು. ಆಮೇಲೆ ಬಹಳ ವರ್ಷ ದ್ವಾರಪಾಲಕರಾಗಿ, ದೂತರಾಗಿ, ಮುದಿ ವೈದ್ಯರಾಗಿ, ಅಂಬಿಗರಾಗಿ, ಹೆಸರಿಲ್ಲದ ನೂರೆಂಟು ಜನರಾಗಿ ರಂಗಕ್ಕೆ ಬಂದರು. ಬೀಗರ ಚೆಲುವಯ್ಯ ಎಂದೇ ಹೆಸರಾಯಿತು. ಪಕ್ಕದಲ್ಲಿ ನಿಂತು ರಂಗಕ್ಕೆ ಹೋಗುವ ಮೊದಲು, "ನಡೀರಿ ಬೀಗರೆ, ಬಾಗಿಲು ತೆಗೆಯೋಣ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರಂತೆ. ಮನೆಗೆ ಬಂದಾಗ ಹೊಟ್ಟೆ ತುಂಬ ಉಣ್ಣುತ್ತಿದ್ದರು, ನಮ್ಮನ್ನು ನಗಿಸುತ್ತಿದ್ದರು. ನನ್ನ ಮದುವೆಯಲ್ಲಿ ನಿಜವಾದ ಬೀಗರಿಗೆ ಕುರ್ಚಿ ಹಾಕಲು ಅವರೇ ಓಡಾಡಿದರು. ಅಪ್ಪ ಸುಖವಾಗಿ ಮುಪ್ಪಾಗುವುದನ್ನು ನಾನು ನೋಡಿದೆ. ಇದಕ್ಕಿಂತ ದೊಡ್ಡದನ್ನು ನನಗೆ ಯಾರೂ ಕೊಟ್ಟಿಲ್ಲ.

ಈಗ ಅವರು ಯಾರೂ ಇಲ್ಲ. ಮೊನ್ನೆ ಒಂದು ಭಾನುವಾರ ಮಧ್ಯಾಹ್ನ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನ್ನ ಸೊಸೆ ಸುಕೃತಾ ಟೀವಿಯಲ್ಲಿ ಯಾವುದೋ ಹಳೆಯ ಕಪ್ಪು ಬಿಳುಪು ಚಿತ್ರ ನೋಡುತ್ತಿದ್ದಳು. ಒಂದು ಬಾಗಿಲು ಗೇಣಿನಷ್ಟು ತೆರೆಯಿತು.

"ಅಯ್ಯೋ, ಬೀಗರು" ಎಂದೆ.

ಸುಕೃತಾ ದಡಬಡಿಸಿ ಎದ್ದು ನಮ್ಮ ಮನೆಯ ಬಾಗಿಲ ಕಡೆ ನೋಡಿದಳು. "ನಮ್ಮಪ್ಪ ಬಂದ್ರಾ ಅತ್ತೆ?"

ಅಲ್ಲಮ್ಮ, ಇವರು ಎಂದು ತೋರಿಸಿದೆ. ಅದೇ ಚಿತ್ರ, ಅದೇ ದೊಡ್ಡ ಕಟ್ಟಡ. ಟೋಪಿ ಎದೆಗೆ ಹಿಡಿದು ಅವರು ಬಾಗಿಲು ತೆರೆದೇ ನಿಂತಿದ್ದರು. "ಪಾಪ, ಮೊದಲು ಅಲ್ಲಿ ಹಾಡುತ್ತಿದ್ದವರು ಇವರೇ" ಎಂದೆ.

ಸುಕೃತಾ ನನ್ನನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು. "ಹಾಗೇನಿಲ್ವಲ್ಲ ಅತ್ತೆ. ಅವನು ಹೋಟೆಲಿನ ಬಾಗಿಲು ಕಾಯೋನು. ಮ್ಯಾನೇಜರು, ಪಿಯಾನೋ ಒಳಗೆ ತರ್ತಿದಾರೆ, ಬಾಗಿಲು ಹಿಡ್ಕೊಂಡಿರು ಅಂದ. ಅದಕ್ಕೆ ಹಿಡ್ಕೊಂಡಿದಾನೆ. ಅಷ್ಟೆ."

ಅವಳು ಹೇಳಿದ ಹಾಗೆಯೇ ನಾಲ್ವರು ಒಂದು ಪಿಯಾನೋವನ್ನು ತಳ್ಳಿಕೊಂಡು ಬಂದರು. ಹಯಾತ್ ಸಾಬರು ಅದನ್ನು ನಮಗೆ ಏನೆಂದು ಹೇಳಿದ್ದರೋ ಈಗ ನೆನಪಿಲ್ಲ. ನೆನಪಾದದ್ದು ಅಮ್ಮ ರವಿಕೆ ಕೊಡಲು ಹೋಗಿ ತಡವಾಗಿ ಬಂದದ್ದು, ಅಜ್ಜಿಯ ಬಾಯಿಗೆ ಬಿದ್ದ ಕಡ್ಲೆಪುರಿ. ಮತ್ತೆ ಅಪ್ಪನ ಒಂದು ಮಾತು. ಅವರ ಕೊನೆಯ ದಿನಗಳಲ್ಲಿ, ಹಯಾತ್ ಸಾಬರು ಇಂಗ್ಲಿಷ್ ಎಲ್ಲಿ ಕಲಿತಿದ್ದರಪ್ಪ ಎಂದು ಸುಮ್ಮನೆ ಕೇಳಿದ್ದೆ. ಅಪ್ಪ ನಕ್ಕಿದ್ದರು. "ಎಲ್ಲಿ ಬರ್ತಿತ್ತು ತಾಯಿ ಅವರಿಗೆ ಇಂಗ್ಲಿಷು? ನನ್ನ ಗಂಟಲು ಹೋಗಿದ್ದು ಮಾತ್ರ ಗೊತ್ತಿತ್ತು." ಅಂದು ಅದು ನನಗೆ ತಮಾಷೆಯ ಮಾತಾಗಿ ಕೇಳಿಸಿತ್ತು.

ಅಂದರೆ ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಹೋದರು, ಅದರ ಮರುದಿನವೂ ಹೋದರು. ನಾನು ಮತ್ತೆ ಪರದೆ ನೋಡಿದೆ. ಪಿಯಾನೋ ಹಿಡಿದವರು ಒಳಗೆ ಹೋಗಿ ಆಗಿತ್ತು. ಹಿಡಿದದ್ದು ಸಾಕು, ಬಾಗಿಲು ಬಿಡಬಹುದು. ಬೀಗರು ಬಿಡಲಿಲ್ಲ. ಯಾವ ಮ್ಯಾನೇಜರೂ ಹೇಳದ ಒಂದು ಗಳಿಗೆ ಹಾಗೆಯೇ ನಿಂತು ಎಲ್ಲೋ ದೂರ ನೋಡಿದರು, ತುಟಿ ಅಲುಗಿತು. ಅದು ಕತೆಗೆ ಬೇಕಾದದ್ದಲ್ಲ, ಅವರು ತಾವಾಗಿ ಕೊಟ್ಟದ್ದು. ಹಯಾತ್ ಸಾಬರು ಓದಿದ್ದು ಅದನ್ನು, ಅಂದು ಬೆಳಿಗ್ಗೆ ಅಮ್ಮ ಅವರಲ್ಲಿ ಬೇಡಿಕೊಂಡು ಬಂದದ್ದು ಅದನ್ನು, ಅಪ್ಪ ಉಳಿದ ಆಯುಷ್ಯವೆಲ್ಲ ಬಾಳಿದ್ದು ಅದರ ಮೇಲೆ.

ಚಿತ್ರ ಮುಗಿದು ಸಾಲುಸಾಲಾಗಿ ಹೆಸರುಗಳು ಮೇಲಕ್ಕೆ ಹೋದವು. ಅವುಗಳಲ್ಲಿ ಯಾವುದೋ ಒಂದು ಅವರದು. ಯಾವುದೆಂದು ತಿಳಿಯದೆ ಅಷ್ಟಕ್ಕೂ ಕೈಮುಗಿದೆ. ಸುಕೃತಾ ಟೀವಿ ಆರಿಸಿ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ನನ್ನ ಪಕ್ಕದ ಕುರ್ಚಿಯ ಮೇಲೆ ಮಡಿಸಿದ ಬಟ್ಟೆಯ ರಾಶಿ ಇತ್ತು. ಅದನ್ನು ಎತ್ತಿ ಮಂಚದ ಮೇಲಿಟ್ಟೆ. ಸೆರಗಿನಿಂದ ಕುರ್ಚಿಯನ್ನು ಒರೆಸಿ, ಬಾಗಿಲ ಕಡೆಗೆ ತಿರುಗಿಸಿ ಇಟ್ಟೆ.